ವಿಶಾಲಕ್ಕನ ತ್ರೀ-ನಾಟ್-ತ್ರೀ

ಹೊರಗೆ ಮಳೆ ಬರುತ್ತಿದೆ ಎಂದು ಯಾರಾದರೂ ಹೇಳಿದರೆ ವಿಶಾಲಕ್ಕ ಕಿಟಕಿ ತೆಗೆದು ಕೈ ಚಾಚಿ, ಅಂಗೈ ಒದ್ದೆಯಾದ ಮೇಲೆಯೇ "ಹೌದು" ಎನ್ನುತ್ತಿದ್ದರು. ಹೇಳಿದವರು ತೊಯ್ದ ತಲೆಯಲ್ಲಿ ಎದುರಿಗೇ ನಿಂತಿದ್ದರೂ ಅಷ್ಟೇ. ಹಾಲಿನ ಡಬ್ಬದ ಮೇಲಿನ ತಾರೀಖು ಓದಿ, ಆಮೇಲೆ ಮೂಸಿ, ಆಮೇಲೆ ಒಂದು ಚಮಚ ಕುದಿಸಿ ನೋಡಿ ಕಾಫಿಗೆ ಹಾಕುತ್ತಿದ್ದರು. ಫ್ರೀವೇಯಲ್ಲಿ ಪಕ್ಕದ ಕಾರಿನವನು ಇಂಡಿಕೇಟರ್ ಹಾಕಿದರೆ, ಅವನು ತಿರುಗುವುದಿಲ್ಲ ಎಂದುಕೊಂಡೇ ಕಾರು ಓಡಿಸುತ್ತಿದ್ದರು. ಎಷ್ಟೋ ಸಲ ಅವನು ತಿರುಗುತ್ತಿರಲಿಲ್ಲ.

ನಾನು ಅವರನ್ನು ಕಂಡದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಸಾಂಟಾ ಕ್ಲಾರಾದ ಒಂದು ಚಿಪ್ ಕಾರ್ಖಾನೆಯಲ್ಲಿ. ಮದುವೆಯಾಗಿ ಮೈಸೂರಿನಿಂದ ಬಂದು ಮನೆಯಲ್ಲಿ ಕೂತು ಬೇಸತ್ತಿದ್ದ ನನಗೆ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟು, ಸೂಕ್ಷ್ಮದರ್ಶಕದ ಕೆಳಗೆ ಚಿಪ್ ಮಾಡುವ ಸಿಲಿಕಾನ್ ಬಿಲ್ಲೆಗಳನ್ನಿಟ್ಟು ಗೀರು, ಧೂಳು, ಕಲೆ ಹುಡುಕುವ ಕೆಲಸ. ಕಲಿಸಿಕೊಡಲು ನೇಮಿಸಿದ್ದವರು ವಿಶಾಲಕ್ಕ. ಮುಖವೆಲ್ಲ ಮುಚ್ಚಿದ್ದರಿಂದ ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣು ನನ್ನನ್ನು ಮೇಲಿಂದ ಕೆಳಗೆ ನೋಡಿತು. ನಾನು ಒಂದು ಬಿಲ್ಲೆ ನೋಡಿ, ಇದರಲ್ಲಿ ಏನೂ ದೋಷವಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕನ್ನಡದಲ್ಲಿ, "ದೋಷ ಇಲ್ಲ ಅನ್ನಬೇಡ. ನಂಗೆ ಕಾಣಿಸ್ಲಿಲ್ಲ ಅನ್ನು" ಎಂದರು. ಕನ್ನಡ ಕೇಳಿದ ಸಂತೋಷಕ್ಕೆ ಬೈಸಿಕೊಂಡದ್ದೂ ನನಗೆ ತಿಳಿಯಲಿಲ್ಲ.

ಅವರು ಹಾಸನದ ಕಡೆಯವರು. ಗಂಡ ರಾಜಣ್ಣ ಇನ್ನೊಂದು ಕಂಪನಿಯಲ್ಲಿ ಇಂಜಿನಿಯರು; ಹೆಂಡತಿಗೆ ಪೂರ್ತಿ ತದ್ವಿರುದ್ಧದ ಮನುಷ್ಯ. ಬಾಗಿಲಿಗೆ ಬಂದ ಸೇಲ್ಸ್‌ಮನ್‌ಗೆ ಕಾಫಿ ಕೊಟ್ಟು ಕೂರಿಸುವವರು. ದಾರಿ ತಪ್ಪಿಸಿದವನಿಗೂ ಥ್ಯಾಂಕ್ಸ್ ಹೇಳಿ ಬರುವವರು. ಮಕ್ಕಳಿರಲಿಲ್ಲ. ಸನಿವೇಲಿನ ಅವರ ಮನೆ ನಮ್ಮ ಅಪಾರ್ಟ್‌ಮೆಂಟಿನಿಂದ ನಡೆದು ಹೋಗುವಷ್ಟು ಹತ್ತಿರ. ಕೆಲಸಕ್ಕೆ ನಾನು ಅವರ ಕಾರಿನಲ್ಲೇ ಹೋಗಿ ಬರತೊಡಗಿದೆ.

ಒಂದು ಶನಿವಾರ ಅವರ ಕುಕ್ಕರ್ ವಾಪಸು ಕೊಡಲು ಹೋದೆ. ಗರಾಜಿನ ಬಾಗಿಲು ಮೊಣಕಾಲೆತ್ತರಕ್ಕೆ ಮಾತ್ರ ತೆರೆದಿತ್ತು. ಕೆಳಗಿನಿಂದ ಹೊಗೆ, ಮೇಣ ಸುಟ್ಟ ವಾಸನೆ. ಬಗ್ಗಿ ನೋಡಿದೆ. ರಾಜಣ್ಣನ ಹಳೆಯ ಶರ್ಟು, ಮೊಣಕೈವರೆಗಿನ ಚರ್ಮದ ಗವಸು, ಕಣ್ಣಿಗೆ ಕನ್ನಡಕ. ವಿಶಾಲಕ್ಕ ಫ್ಯಾನಿನ ಪಕ್ಕದಲ್ಲಿ ಒಲೆಯ ಮುಂದೆ ನಿಂತಿದ್ದರು. ಒಲೆಯ ಮೇಲಿನ ಕಬ್ಬಿಣದ ಪಾತ್ರೆಯಲ್ಲಿ ಬೆಳ್ಳಿಯಂಥ ದ್ರವ ಮಿರುಗುತ್ತಿತ್ತು. ಸೌಟಿನಿಂದ ಅದನ್ನು ಒಂದು ಅಚ್ಚಿಗೆ ಹೊಯ್ದು, ಅಚ್ಚನ್ನು ಕೋಲಿನಿಂದ ತಟ್ಟಿ ಬಿಡಿಸಿದರು. ಏನೋ ಹೊಳೆಯುವ ವಸ್ತು ಟವೆಲ್ಲಿನ ಮೇಲೆ ಬಿತ್ತು. ನಾನು ಕರೆದೆ. ಅವರು ಬೆಚ್ಚಿ, ಅಲ್ಲೇ ನಿಲ್ಲು, ಹತ್ತಿರ ಬರಬೇಡ ಎಂದರು. ಕುಕ್ಕರನ್ನು ಬಾಗಿಲ ಕೆಳಗಿನಿಂದ ತಳ್ಳಲು ಹೇಳಿದರು. ಆಮೇಲೆ ಬಾಗಿಲು ಪೂರ್ತಿ ಕೆಳಗಿಳಿಯಿತು.

ಮನೆಗೆ ಬಂದು ನನ್ನ ಗಂಡ ಮೋಹನನಿಗೆ ಹೇಳಿದೆ. ರಾಜಣ್ಣ ಟೈರ್ ಅಂಗಡಿಗಳ ಹಿತ್ತಲಿನಿಂದ ಚಕ್ರದ ತೂಕ ಸರಿದೂಗಿಸಲು ಹಾಕಿ ತೆಗೆದ ಸೀಸದ ಚೂರುಗಳನ್ನು ಬಕೆಟುಗಟ್ಟಲೆ ಕಾರಿಗೆ ತುಂಬುವುದನ್ನು ಅವನು ತಾನೇ ನೋಡಿದ್ದನಂತೆ. ಇಬ್ಬರೂ ಕೂತು ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆವು: ಅವರು ಕಳ್ಳ ನಾಣ್ಯ ಎರಕ ಹೊಯ್ಯುತ್ತಿದ್ದಾರೆ. "ನಮ್ಮ ಗ್ರೀನ್ ಕಾರ್ಡು ಇನ್ನೂ ಬಂದಿಲ್ಲ. ಅವರ ಕಾರಲ್ಲಿ ಹೋಗೋದು ಬಿಡು" ಎಂದ ಮೋಹನ. ಸೋಮವಾರ ನಾನು ಬಸ್ಸಿನಲ್ಲಿ ಹೋದೆ. ಮಂಗಳವಾರವೂ.

ವಿಶಾಲಕ್ಕನಿಗೆ ಅಷ್ಟು ಸಾಕಾಗಿತ್ತು. ಕೆಲಸ ಮುಗಿದ ಮೇಲೆ ನನ್ನನ್ನು ಪಾರ್ಕಿಂಗ್ ಲಾಟಿಗೆ ಕರೆದುಕೊಂಡು ಹೋಗಿ, ಕಾರಿನೊಳಗೆ ಕೂರಿಸಿ, ಏನು ಅಂದುಕೊಂಡಿದ್ದೀಯ ಎಂದು ನೇರವಾಗಿ ಕೇಳಿದರು. ನಾನು ತಡವರಿಸುತ್ತ ನಾಣ್ಯದ ಮಾತು ಹೇಳಿದೆ. ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವರು ಮೆಚ್ಚಿಕೊಂಡಂತೆ ನನ್ನನ್ನು ನೋಡಿದರು.

"ಪರವಾಗಿಲ್ಲ ಸುಮಾ, ಅಷ್ಟಾದರೂ ಅನುಮಾನ ಪಟ್ಟೆ. ಆದರೆ ಅನುಮಾನ ಪಟ್ಟು ಬಸ್ ಹತ್ತಿದರೆ ಆಯ್ತಾ? ಬಂದು ನೋಡಬೇಕು ತಾನೇ."

ಅವತ್ತೇ ಮನೆಗೆ ಕರೆದುಕೊಂಡು ಹೋಗಿ ತೋರಿಸಿದರು. ಟವೆಲ್ಲಿನ ಮೇಲೆ ಬಿದ್ದದ್ದು ನಾಣ್ಯವಲ್ಲ, ಸೀಸದ ಗುಂಡು. ಗೋಡೆಯ ಕಬ್ಬಿಣದ ಬೀರುವಿನೊಳಗೆ ಬೀಗ ಹಾಕಿಟ್ಟಿದ್ದ ರೈಫಲನ್ನೂ ತೆಗೆದು ತೋರಿಸಿದರು. ನಮ್ಮೂರ ಪೊಲೀಸರ ಹೆಗಲ ಮೇಲೆ ಕಾಣುತ್ತಿದ್ದ ಅದೇ ಉದ್ದನೆಯ, ಭಾರದ, ಮರದ ಹಿಡಿಯ ತ್ರೀ-ನಾಟ್-ತ್ರೀ. ರಾಜಣ್ಣನ ತಂದೆ ಮೈಸೂರಿನ ಸಶಸ್ತ್ರ ಪೊಲೀಸಿನಲ್ಲಿ ಹವಾಲ್ದಾರರು. ಹುಡುಗನಾಗಿದ್ದಾಗ ರಾಜಣ್ಣ ತಂದೆಯ ರೈಫಲನ್ನು ಮುಟ್ಟಿದರೆ ಏಟು ಬೀಳುತ್ತಿತ್ತಂತೆ. ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಹಳೆ ಮಿಲಿಟರಿ ಸಾಮಾನಿನ ಅಂಗಡಿಯಲ್ಲಿ ಅಂಥದೇ ಒಂದು ಮೂಲೆಗೆ ಒರಗಿ ನಿಂತದ್ದು ಕಂಡು, ಹೆಂಡತಿಯನ್ನೂ ಕೇಳದೆ ತಂದುಬಿಟ್ಟರು.

ಗುಡ್ಡದ ಮೇಲೆ ಗುರಿ ಹೊಡೆಯುವ ಶೂಟಿಂಗ್ ರೇಂಜಿನಲ್ಲಿ ರಾಜಣ್ಣನಿಗೆ ಹೆರಾಲ್ಡ್ ಎಂಬ ಮುದುಕನ ಗೆಳೆತನವಾಯಿತು. ಮೊದಲು ಹಡಗು ಕಟ್ಟುವ ಕಡೆ ಕೆಲಸ ಮಾಡಿ ನಿವೃತ್ತನಾದವನು; ಮಾತು ಕಡಿಮೆ. ಸೀಸ ಕರಗಿಸಿ ಗುಂಡು ಎರೆಯುವುದನ್ನು, ಬಳಸಿದ ಹಿತ್ತಾಳೆ ಕೊಳವೆಗೆ ಮತ್ತೆ ಮದ್ದು ತುಂಬಿ, ಗುಂಡು ಕೂರಿಸಿ ತೋಟಾ ಮಾಡುವುದನ್ನು ರಾಜಣ್ಣನಿಗೆ ಅವನೇ ಕಲಿಸಿದ. ಒಂದು ಅಚ್ಚನ್ನೂ ಕೊಟ್ಟ. ರಾಜಣ್ಣ ಹಾರಿಸಿದ ಗುಂಡುಗಳು ಮಾತ್ರ ಒಂದು ಗುರಿಯ ಕಾಗದದ ಮೂಲೆಗೆ, ಒಂದು ಮಣ್ಣಿಗೆ, ಒಂದು ಪಕ್ಕದವರ ಕಾಗದಕ್ಕೆ ಹೋಗುತ್ತಿದ್ದವು. ರೇಂಜಿನಲ್ಲಿದ್ದವರೆಲ್ಲ, ನಳಿಗೆ ಸವೆದಿದೆ, ಗೋಡೆಗೆ ತೂಗುಹಾಕು ಎಂದರು. ರಾಜಣ್ಣ ಒಪ್ಪಿ ಮೊಳೆ ಹುಡುಕತೊಡಗಿದರು. ಆಗ ವಿಶಾಲಕ್ಕ ಕೇಳಿದ್ದು ಒಂದೇ ಪ್ರಶ್ನೆ: ಸವೆದಿದೆ ಅಂತ ಒಳಗೆ ಅಳೆದು ನೋಡಿದವರು ಯಾರು?

ಯಾರೂ ಅಳೆದಿರಲಿಲ್ಲ. ಅವರು ಒಂದು ಮೆತ್ತನೆ ಸೀಸದ ಉಂಡೆಗೆ ಎಣ್ಣೆ ಸವರಿ, ಖಾಲಿ ನಳಿಗೆಯ ಬಾಯಿಯಿಂದ ಮರದ ಕೋಲಿನಲ್ಲಿ ಮೆಲ್ಲಗೆ ಬಡಿದು ಬಡಿದು ಇನ್ನೊಂದು ತುದಿಯಿಂದ ಹೊರಗೆ ತೆಗೆದರು. ನಳಿಗೆಯ ಒಳಗಿನ ಆಕಾರವೆಲ್ಲ ಆ ಸೀಸದ ಮೇಲೆ ಮೂಡಿತ್ತು. ಅದನ್ನು ಅಳೆದರು. ನಳಿಗೆ ಸವೆದಿರಲಿಲ್ಲ, ಗುಂಡನ್ನು ತಿರುಗಿಸುವ ಒಳಗೀರುಗಳು ಚೂಪಾಗೇ ಇದ್ದವು. ಆದರೆ ತೋಟಾ ತುಂಬುವವರ ಕೈಪಿಡಿ ಪುಸ್ತಕ ಹೇಳುವುದಕ್ಕಿಂತ ಅದು ಅಗಲವಾಗಿತ್ತು. ಯುದ್ಧಕಾಲದ ಅವಸರದಲ್ಲಿ ಹಾಗೇ ಕೊರೆದಿದ್ದರೋ ಏನೋ. ಹೆರಾಲ್ಡ್‌ನ ಅಚ್ಚಿನಿಂದ ಬಂದ ಗುಂಡು ಅದಕ್ಕೆ ಸಡಿಲ.

"ಅಪ್ಪನ ಚಪ್ಪಲಿ ಹಾಕ್ಕೊಂಡು ಮಗು ಓಡಿದ ಹಾಗೆ" ಎಂದು ನನಗೆ ವಿವರಿಸಿದರು. "ಮಗೂದೂ ತಪ್ಪಿಲ್ಲ, ಚಪ್ಪಲೀದೂ ತಪ್ಪಿಲ್ಲ. ನೇರ ಮಾತ್ರ ಓಡಲ್ಲ."

ಅಲ್ಲಿಂದ ರೈಫಲು ವಿಶಾಲಕ್ಕನದಾಯಿತು. ಹಾರಿಸುವುದು ರಾಜಣ್ಣ; ಅವರಿಗೆ ಕಣ್ಣು ಚೆನ್ನಾಗಿತ್ತು, ಉಸಿರು ಹಿಡಿಯುವುದು ಬರುತ್ತಿತ್ತು. ಮಿಕ್ಕಿದ್ದೆಲ್ಲ ಇವರದು. ದಪ್ಪ ಗುಂಡಿನ ಅಚ್ಚು ತರಿಸಿದರು. ಗುಂಡಿಗೆ ಸವರಲು ಜೇನುಮೇಣ ಕರಗಿಸಿದರು. ಆ ವಾಸನೆ ಅವರ ಮನೆಯ ಪರದೆಗಳಿಗೂ ಹಿಡಿಯಿತು. ಅಡಿಗೆಯ ಪಾತ್ರೆ ಮಾತ್ರ ಗರಾಜಿಗೆ ಹೋಗಬಾರದು, ಗರಾಜಿನ ಬಟ್ಟೆ ಅಡಿಗೆಮನೆಗೆ ಬರಬಾರದು. ಸೀಸ ಮುಟ್ಟಿದ ಕೈಯನ್ನು ಮಡಿಯವರಿಗಿಂತ ಹೆಚ್ಚು ಸಲ ತೊಳೆಯುತ್ತಿದ್ದರು.

ಮುಂದಿನದೇ ಕಷ್ಟದ ಕೆಲಸ. ಯಾವ ಮದ್ದು, ಎಷ್ಟು ಮದ್ದು, ಸೀಸ ಎಷ್ಟು ಗಟ್ಟಿ, ಗುಂಡು ಎಷ್ಟು ಆಳಕ್ಕೆ ಕೂರಬೇಕು: ಇವೆಲ್ಲ ಕೂಡಿ ಬಂದರೆ ಮಾತ್ರ ಹಳೆ ರೈಫಲು ಒಲಿಯುತ್ತದೆ. ರಾಜಣ್ಣನಿಗೆ ಅವಸರ. ಮೇಣವನ್ನೂ ಬದಲಿಸೋಣ, ಮದ್ದನ್ನೂ ಬದಲಿಸೋಣ ಎನ್ನುವರು. ವಿಶಾಲಕ್ಕ ಒಪ್ಪುತ್ತಿರಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಬದಲಿಸಿದರೆ ಗೆದ್ದವರು ಯಾರು, ಸೋತವರು ಯಾರು ಹೇಗೆ ಗೊತ್ತಾಗಬೇಕು ಎನ್ನುವರು. ಹೀಗಾಗಿ ಒಂದು ಬೇಸಿಗೆ ಹೋಯಿತು, ಇನ್ನೊಂದು ಬಂತು. ನಾನೂ ಅವರ ಜೊತೆ ರೇಂಜಿಗೆ ಹೋಗತೊಡಗಿದೆ. ಕಿವಿಗೆ ಬೆಣೆ ಹಾಕಿಕೊಂಡು, ದೂರದರ್ಶಕದಲ್ಲಿ ಕಾಗದದ ಮೇಲಿನ ತೂತು ನೋಡಿ ಹೇಳುವುದು ನನ್ನ ಪಾಲಿನ ಕೆಲಸ. ಎಡಕ್ಕೆ ಬಿತ್ತು ಎಂದರೆ ವಿಶಾಲಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ನೋಡುತ್ತಿದ್ದರು.

ಯುಗಾದಿ ಊಟಕ್ಕೆ ಸೇರಿದ ಕನ್ನಡದವರಲ್ಲಿ ಇದು ದೊಡ್ಡ ಸುದ್ದಿಯಾಯಿತು. ಮೊಟ್ಟೆಯನ್ನೂ ಮುಟ್ಟದವರ ಮನೆಯಲ್ಲಿ ರೈಫಲ್ ಯಾಕೆ, ಯಾರನ್ನು ಹೊಡೆಯಲು ಎಂದು ಪಿಸುಗುಟ್ಟಿದರು. ಕೆಲವರು ಅವರ ಮನೆಗೆ ಮಕ್ಕಳನ್ನು ಕಳಿಸುವುದು ಬಿಟ್ಟರು. ಅದರಿಂದ ರಾಜಣ್ಣನಿಗೆ ನೋವಾಯಿತು. ವಿಶಾಲಕ್ಕ ಮಾತ್ರ, ಮಕ್ಕಳ ತಾಯಂದಿರು ಸರಿಯಾದದ್ದನ್ನೇ ಮಾಡಿದ್ದಾರೆ, ತಾನಾಗಿದ್ದರೂ ಬೀರುವಿನ ಬೀಗ ಎಳೆದು ನೋಡದೆ ಕಳಿಸುತ್ತಿರಲಿಲ್ಲ ಎಂದರು.

ಅವರ ಅನುಮಾನಕ್ಕೆ ನಾನು ನಗುತ್ತಿದ್ದೆ. ನಗು ನಿಂತದ್ದು ಹೆರಾಲ್ಡ್‌ನ ತೋಟಾಗಳ ದಿನ.

ಅವತ್ತು ರಾಜಣ್ಣನ ಹುಟ್ಟುಹಬ್ಬ. ಹೆರಾಲ್ಡ್ ಒಂದು ಸಣ್ಣ ಮರದ ಪೆಟ್ಟಿಗೆ ತಂದ. ಒಳಗೆ ಸಾಲಾಗಿ ತೋಟಾಗಳು; ಹಿತ್ತಾಳೆಯನ್ನು ಬಂಗಾರದ ಹಾಗೆ ಉಜ್ಜಿದ್ದ. ವಾರವೆಲ್ಲ ಕೂತು ನಿನಗಾಗಿಯೇ ಮಾಡಿದ್ದು, ಹಾರಿಸಿ ನೋಡು ಎಂದ. ರಾಜಣ್ಣನ ಕಣ್ಣು ತುಂಬಿತು. ಈ ದೇಶದಲ್ಲಿ ಅವರನ್ನು ಮೊದಲು ಮನೆಗೆ ಊಟಕ್ಕೆ ಕರೆದವನು ಹೆರಾಲ್ಡ್. ಅವನ ಹೆಂಡತಿ ಬದುಕಿದ್ದಾಗ ಇವರಿಗಾಗಿ ಮಾಂಸವಿಲ್ಲದ ಅಡಿಗೆ ಕಲಿತಿದ್ದಳಂತೆ. ರಾಜಣ್ಣ ಒಂದು ತೋಟಾ ತೆಗೆದು ರೈಫಲಿಗೆ ಹಾಕಲು ಹೊರಟರು. ವಿಶಾಲಕ್ಕ ಅವರ ಮಣಿಕಟ್ಟು ಹಿಡಿದರು.

"ಬೇಡ ರೀ. ಒಳಗೇನಿದೆ ಅಂತ ನಮಗೆ ಗೊತ್ತಿಲ್ಲ."

ಕನ್ನಡದಲ್ಲಿ ಹೇಳಿದರೂ ಹೆರಾಲ್ಡ್‌ಗೆ ಅರ್ಥವಾಯಿತು. ಏನಾಯಿತು ಎಂದು ಕೇಳಿದ. ಅವರು ಅದನ್ನೇ ಇಂಗ್ಲಿಷಿನಲ್ಲಿ, ಸುತ್ತಲಿನವರೆಲ್ಲ ಕೇಳುವಂತೆ ಹೇಳಿದರು: ಬೇರೆಯವರು ತುಂಬಿದ ತೋಟಾವನ್ನು ನನ್ನ ಗಂಡನ ಕೆನ್ನೆಯ ಪಕ್ಕ ಸಿಡಿಸಲು ನಾನು ಬಿಡುವುದಿಲ್ಲ. ಹೆರಾಲ್ಡ್ ಸ್ವಲ್ಪ ಹೊತ್ತು ತನ್ನ ಕೈಗಳನ್ನು ನೋಡಿಕೊಂಡ. ಆಮೇಲೆ, ಸರಿ ಎಂದು ಹೇಳಿ, ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಕಾರಿನ ಕಡೆ ನಡೆದ.

ವಿಶಾಲಕ್ಕ ಪೆಟ್ಟಿಗೆಯನ್ನು ಮನೆಗೆ ತಂದು ಪ್ರತಿಯೊಂದು ತೋಟಾದ ಗುಂಡನ್ನೂ ಕಿತ್ತು ಮದ್ದು ತೂಗಿದರು. ಎಲ್ಲವೂ ಸರಿಯಾಗಿತ್ತು. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ರಾಜಣ್ಣ ಊಟದ ಮೇಜಿನಲ್ಲಿ ಕೂತಿದ್ದರು. ತಟ್ಟೆಗೆ ಕೈ ಹಾಕಿರಲಿಲ್ಲ. ನಾನು ಹೊರಡಬೇಕೋ ಬಂದು ಕೂರಬೇಕೋ ತಿಳಿಯದೆ ಬಾಗಿಲಲ್ಲಿ ನಿಂತಿದ್ದೆ.

"ನಾನು ಅವರನ್ನ ಅನುಮಾನಿಸಲಿಲ್ಲ" ಎಂದರು ವಿಶಾಲಕ್ಕ. "ತೋಟಾನ ಅನುಮಾನಿಸಿದೆ."

"ಅವನಿಗೆ ಎರಡೂ ಒಂದೇ ವಿಶಾಲೂ" ಎಂದರು ರಾಜಣ್ಣ. "ನಿಂಗೆ ಮಾತ್ರ ಬೇರೆ ಬೇರೆ."

ಅವರು ಹೆಂಡತಿಯ ಮೇಲೆ ದನಿಯೇರಿಸಿದ್ದನ್ನು ನಾನು ಕಂಡಿರಲಿಲ್ಲ, ಅವತ್ತೂ ಏರಿಸಲಿಲ್ಲ. ಅದಕ್ಕೇ ಮಾತು ಹೆಚ್ಚು ನಾಟಿತು. ಮುಂದಿನ ವಾರಗಳಲ್ಲಿ ಹೆರಾಲ್ಡ್ ರೇಂಜಿಗೆ ಬಂದರೂ ದೂರದ ಬೆಂಚಿನಲ್ಲಿ ಕೂರತೊಡಗಿದ. ಕೈಯೆತ್ತಿ ನಮಸ್ಕಾರ ಮಾಡುವನು, ಹತ್ತಿರ ಬರುವುದಿಲ್ಲ. ರಾಜಣ್ಣ ಕಾಫಿಯ ಫ್ಲಾಸ್ಕ್ ಹಿಡಿದು ಹೋದರೆ ಈಗಷ್ಟೇ ಕುಡಿದೆ ಎನ್ನುವನು.

ಆ ಚಳಿಗಾಲದಲ್ಲಿ ವಿಶಾಲಕ್ಕ ಒಂದು ಹೊಸ ಲೋಡ್, ಎಂದರೆ ಮದ್ದು ಗುಂಡುಗಳ ಹೊಸ ಹೊಂದಾಣಿಕೆ, ತಯಾರು ಮಾಡಿದರು. ಶನಿವಾರ ಬೆಳಿಗ್ಗೆ ಹೋಗಬೇಕು. ರಾಜಣ್ಣ ರೈಫಲನ್ನು ಚೀಲಕ್ಕೆ ಹಾಕಿ ಕಾರಿನ ಹತ್ತಿರ ನಿಂತಿದ್ದಾರೆ, ನಾನು ದೂರದರ್ಶಕ ಹಿಡಿದಿದ್ದೇನೆ. ವಿಶಾಲಕ್ಕ ಗರಾಜಿನಿಂದ ಹೊರಗೆ ಬರುತ್ತಿಲ್ಲ. ಹೋಗಿ ನೋಡಿದರೆ ತೋಟಾಗಳ ಮುಂದೆ ಕೂತಿದ್ದಾರೆ. ಹಿಂದಿನ ಸಂಜೆ ಮದ್ದು ತುಂಬುತ್ತಿದ್ದಾಗ ಹಾಸನದಿಂದ ಫೋನ್ ಬಂದಿತ್ತು. ಆ ಕಾಲದಲ್ಲಿ ಊರಿನ ಫೋನ್ ಎಂದರೆ ಎದೆ ಹೊಡೆದುಕೊಳ್ಳುತ್ತ ಓಡಬೇಕು. ಅಣ್ಣನ ಮಗಳ ಮದುವೆ ಗೊತ್ತಾದ ಸುದ್ದಿ. ಕೂಗಿ ಮಾತಾಡಿ, ಖುಷಿಯಲ್ಲಿ ವಾಪಸು ಬಂದು ಕೆಲಸ ಮುಂದುವರಿಸಿದ್ದರು. ಎಷ್ಟನೆಯ ತೋಟಾಕ್ಕೆ ನಿಲ್ಲಿಸಿದ್ದೆ ಎಂಬುದು ಗೊತ್ತಿತ್ತು. ರಾತ್ರಿ ಮಲಗುವಾಗಲೂ ಗೊತ್ತಿತ್ತು. ಬೆಳಿಗ್ಗೆ ಎದ್ದರೆ ಗೊತ್ತಿರಲಿಲ್ಲ.

ಇವತ್ತು ಹಾರಿಸುವುದು ಬೇಡ ಎಂದರು. ರಾಜಣ್ಣನ ತಾಳ್ಮೆ ಮುಗಿದಿತ್ತು. ಹೆರಾಲ್ಡ್‌ನದನ್ನೂ ನಂಬಲಿಲ್ಲ, ಈಗ ನಿನ್ನದನ್ನೂ ನಂಬುವುದಿಲ್ಲ, ಹಾಗಾದರೆ ಈ ರೈಫಲ್ ಯಾಕೆ ಎಂದು ಕೇಳಿ, ಚೀಲವನ್ನು ವಾಪಸು ತಂದು ಬೀರುವಿನಲ್ಲಿಟ್ಟು, ಒಳಗೆ ಹೋಗಿ ಟಿ.ವಿ. ಹಾಕಿಕೊಂಡರು.

ನಾವಿಬ್ಬರೂ ಕೂತು ಒಂದೊಂದೇ ತೋಟಾ ಬಿಚ್ಚತೊಡಗಿದೆವು. ಸೀಸದ ಗುಂಡಿಗೆ ಬೇಕಾದ ಮದ್ದು ಬಹಳ ಕಡಿಮೆ. ಕೊಳವೆಯ ತಳದಲ್ಲಿ ಸ್ವಲ್ಪವೇ ಇರುತ್ತದೆ. ತಪ್ಪಿ ಎರಡು ಸಲ ಸುರಿದರೂ ತುಂಬಿ ಚೆಲ್ಲುವುದಿಲ್ಲ. ಟಾರ್ಚು ಬಿಟ್ಟು ಒಳಗೆ ನೋಡದಿದ್ದರೆ ತಿಳಿಯುವುದಿಲ್ಲ. ಅವರು ಯಾವಾಗಲೂ ಟಾರ್ಚು ಬಿಟ್ಟು ನೋಡುವವರೇ. ಫೋನಿನ ಸಂಭ್ರಮದಲ್ಲಿ ಆ ಸಂಜೆ ನೋಡಿದರೋ ಇಲ್ಲವೋ ಎಂಬುದೇ ಅವರ ಅನುಮಾನ. ಬಿಚ್ಚಿದ್ದೆಲ್ಲ ಸರಿಯಾಗಿತ್ತು. ನನಗೆ ಬೇಸರ ಬರತೊಡಗಿತು. ಕೊನೆಯಲ್ಲಿ ಕೆಲವೇ ಉಳಿದಿದ್ದಾಗ ಒಂದನ್ನು ತಕ್ಕಡಿಗೆ ಸುರಿದರು. ಮುಳ್ಳು ಮೇಲಕ್ಕೆ ಹೋಯಿತು. ಮದ್ದು ದುಪ್ಪಟ್ಟು ಇತ್ತು.

ವಿಶಾಲಕ್ಕ ಮತ್ತೆ ತೂಗಲಿಲ್ಲ. ಎರಡು ಸಲ ನೋಡದೆ ಅವರು ಒಪ್ಪಿಕೊಂಡ ಸಂಗತಿ ನಾನು ಕಂಡಂತೆ ಅದೊಂದೇ. ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಒಳಗಿನಿಂದ ಟಿ.ವಿ.ಯ ನಗು ಕೇಳುತ್ತಿತ್ತು. ಅದು ಸಿಡಿದಿದ್ದರೆ ಆ ಹಳೆ ಕಬ್ಬಿಣ ತಡೆಯುತ್ತಿತ್ತೋ ಇಲ್ಲವೋ ಯಾರು ಹೇಳಬೇಕು? ಅದರ ಹಿಂದೆ ಇರುತ್ತಿದ್ದುದು ರಾಜಣ್ಣನ ಕಣ್ಣು.

ಗಂಡನನ್ನು ಕರೆದು ತಕ್ಕಡಿ ತೋರಿಸಿದರು. ರಾಜಣ್ಣ ನೋಡಿ, ಅವರ ಭುಜದ ಮೇಲೆ ಕೈಯಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ವಿಶಾಲಕ್ಕ ಎದ್ದು ಕೈ ತೊಳೆದು, ಸೀರೆ ಉಟ್ಟು ಬಂದರು. ಹೆರಾಲ್ಡ್‌ನ ಮನೆಗೆ ಹೋಗಬೇಕು, ಸುಮಾ ನೀನೂ ಬಾ ಎಂದರು.

ಹೆರಾಲ್ಡ್ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ ಮಾತು ಕೇಳಿಸಿಕೊಂಡ. ವಿಶಾಲಕ್ಕ, ನಿಮ್ಮ ತೋಟಾಗಳೆಲ್ಲ ಸರಿಯಾಗಿದ್ದವು, ಪ್ರತಿಯೊಂದನ್ನೂ ತೂಗಿದೆ, ತಪ್ಪಿದ್ದದ್ದು ನನ್ನದರಲ್ಲಿ ಎಂದು ಹೇಳಿದರು. ಕ್ಷಮಿಸಿ ಎಂಬ ಪದ ಅವರ ಬಾಯಿಂದ ಬರಲಿಲ್ಲ, ಬೇರೆಲ್ಲ ಬಂತು. ಎಲ್ಲರ ಮುಂದೆ ಹೇಳಬಾರದಿತ್ತು ಎಂದರು. ಹೆರಾಲ್ಡ್, ರಾಜ್ ಚೆನ್ನಾಗಿದ್ದಾನೆ ತಾನೇ ಎಂದು ಕೇಳಿದ. ಹೌದು ಎಂದ ಮೇಲೆ ಒಳಗೆ ಕರೆದ.

ಎಲ್ಲ ಮೊದಲಿನಂತಾಯಿತು ಎಂದು ಬರೆಯಲು ನನಗೆ ಆಸೆ. ಹಾಗಾಗಲಿಲ್ಲ. ಹೆರಾಲ್ಡ್ ಮತ್ತೆ ನಮ್ಮ ಬೆಂಚಿಗೆ ಬಂದ, ಫ್ಲಾಸ್ಕಿನ ಕಾಫಿ ಕುಡಿದ. ಆದರೆ ತಾನು ತುಂಬಿದ ತೋಟಾವನ್ನು ಆಮೇಲೆ ಯಾರಿಗೂ ಕೊಡಲಿಲ್ಲ. ಯಾರಾದರೂ ಕೇಳಿದರೆ, ನಿಮ್ಮದನ್ನು ನೀವೇ ಮಾಡಿಕೊಳ್ಳಿ ಎನ್ನುತ್ತಿದ್ದ. ಹೇಳುವಾಗ ವಿಶಾಲಕ್ಕನ ಕಡೆ ನೋಡುತ್ತಿರಲಿಲ್ಲ. ಅವರಿಗೆ ಅದು ತಿಳಿಯುತ್ತಿತ್ತು.

ರೈಫಲು ಒಲಿದದ್ದು ಮರುವರ್ಷದ ವಸಂತದಲ್ಲಿ. ಪುಸ್ತಕ ಹೇಳಿದ್ದಕ್ಕಿಂತ ನಿಧಾನದ ಗುಂಡು, ಇನ್ನಷ್ಟು ಗಟ್ಟಿ ಸೀಸ, ಎಲ್ಲರೂ ಬೇಡವೆಂದಿದ್ದ ಒಂದು ಮೆತ್ತನೆ ಮೇಣ. ರಾಜಣ್ಣ ಹಾರಿಸುತ್ತ ಹೋದರು, ನಾನು ದೂರದರ್ಶಕದಲ್ಲಿ ನೋಡುತ್ತ ಹೋದೆ. ತೂತುಗಳು ಒಂದರ ಪಕ್ಕ ಒಂದು ಬಿದ್ದವು. ಕಾಗದ ತಂದು ಮೇಜಿನ ಮೇಲಿಟ್ಟಾಗ ಒಂದು ಇಡ್ಲಿ ಇಟ್ಟರೆ ಎಲ್ಲವೂ ಮುಚ್ಚುತ್ತಿದ್ದವು. ಹೆರಾಲ್ಡ್ ಕನ್ನಡಕ ಏರಿಸಿ ನೋಡಿ ಸಿಳ್ಳೆ ಹಾಕಿದ. ವಿಶಾಲಕ್ಕ ಮಾತ್ರ, ಇವತ್ತು ಗಾಳಿ ಇರಲಿಲ್ಲ ಎಂದರು. ಮುಂದಿನ ವಾರ ಗಾಳಿಯಿತ್ತು. ತೂತುಗಳ ಗುಂಪು ಹಾಗೇ ಬಂತು. ಬಿಸಿಲು ಕಡಿಮೆ ಇತ್ತು ಎಂದರು. ಜೂನ್ ತಿಂಗಳ ಬಿಸಿಲಿನಲ್ಲೂ ಬಂದ ಮೇಲೆ, ಕಾಗದವನ್ನು ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿ, "ಇರಬಹುದು" ಎಂದರು. ರಾಜಣ್ಣ ಅವತ್ತು ಎಲ್ಲರಿಗೂ ಐಸ್‌ಕ್ರೀಮ್ ಕೊಡಿಸಿದರು.

ದಶಕ ಮುಗಿಯುವ ಹೊತ್ತಿಗೆ ವಿಶಾಲಕ್ಕನಿಗೆ ಹೊಟ್ಟೆಯ ಕಾಯಿಲೆ ಬಂತು. ಮೊದಲ ಡಾಕ್ಟರ ಮಾತನ್ನು ಅವರು ಒಪ್ಪಲಿಲ್ಲ, ಎರಡನೆಯವರದನ್ನೂ ಒಪ್ಪಲಿಲ್ಲ. ತಮ್ಮ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ತಾವೇ ನೋಡಿದರು. ಅದು ತಮ್ಮದೇ ಎಂಬುದಕ್ಕೆ ಗುರುತೇನು ಎಂದು ಕೇಳಿ ಟೆಕ್ನಿಷಿಯನ್ನನ್ನು ಗೋಳು ಹೊಯ್ದುಕೊಂಡರು. ಆಪರೇಷನ್ ಆಯಿತು, ಸ್ವಲ್ಪ ದಿನ ಚೆನ್ನಾಗಿದ್ದರು, ಮತ್ತೆ ಆಸ್ಪತ್ರೆ ಸೇರಿದರು.

ನಾನು ಕೊನೆಯ ಸಲ ನೋಡಲು ಹೋದಾಗ ಮಧ್ಯಾಹ್ನ. ರಾಜಣ್ಣ ಹಿಂದಿನ ದಿನದಿಂದ ಮಲಗಿರಲಿಲ್ಲ. ಹೊರಗಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದರು. ವಿಶಾಲಕ್ಕ ಬಹಳ ಸಣ್ಣಗಾಗಿದ್ದರು. ನನ್ನನ್ನು ನೋಡಿ ಹುಬ್ಬೇರಿಸಿದರು, ಅಷ್ಟೇ. ನರ್ಸ್ ಒಂದು ಕಾಗದದ ಬಟ್ಟಲಿನಲ್ಲಿ ಮಾತ್ರೆಗಳನ್ನು ತಂದು ಅವರ ಕೈಗಿಟ್ಟಳು. ವಿಶಾಲಕ್ಕ ಬಟ್ಟಲಿನೊಳಗೆ ನೋಡಲಿಲ್ಲ. ಏನು, ಯಾಕೆ ಎಂದು ಕೇಳಲಿಲ್ಲ. ಹೇಳಿದ ಮಾತು ಕೇಳುವ ಮಗುವಿನ ಹಾಗೆ ಅದನ್ನು ಬಾಯಿಯ ಹತ್ತಿರ ತಂದರು.

ನನಗೆ ಆಗ ಭಯವಾಯಿತು. ಡಾಕ್ಟರು ಹೇಳಿದ್ದಕ್ಕೆಲ್ಲ ಆಗದಿದ್ದ ಭಯ.

ನಾನು ಅವರ ಕೈ ತಡೆದು, ಇವು ಏನು ಎಂದು ನರ್ಸನ್ನು ಕೇಳಿದೆ. ಅವಳು ಒಂದೊಂದರ ಹೆಸರು ಹೇಳಿದಳು. ಇದು ನೋವಿಗೆ, ಇದು ಹೊಟ್ಟೆ ತೊಳಸದಿರಲಿಕ್ಕೆ. ಇವರದೇ ಎಂಬುದಕ್ಕೆ ಗುರುತೇನು ಎಂದು ಕೇಳಿದೆ. ಅವಳು ಬೇಸರಿಸದೆ ಮಣಿಕಟ್ಟಿನ ಪಟ್ಟಿ ತೋರಿಸಿ, ಚೀಟಿಯ ಜೊತೆ ಹೋಲಿಸಿ ಓದಿದಳು. ನಾನು ಥ್ಯಾಂಕ್ಸ್ ಹೇಳಿದೆ. ಅವಳು ಹೊರಟಳು. ವಿಶಾಲಕ್ಕ ಕಣ್ಣು ಮುಚ್ಚಿದ್ದರು, ನಿದ್ದೆ ಬಂದಿರಬೇಕು ಎಂದುಕೊಂಡೆ. ಬಟ್ಟಲು ಇನ್ನೂ ಅವರ ಕೈಯಲ್ಲಿತ್ತು.

"ಆ ಬಿಳೀದು ಯಾತಕ್ಕೆ ಅಂತ ಅವಳು ಹೇಳಲೇ ಇಲ್ಲ" ಎಂದರು, ಕಣ್ಣು ತೆರೆಯದೆ. "ಹೋಗಿ ಕೇಳ್ಕೊಂಡು ಬಾ."

ಅವರು ನನಗೆ ಹೇಳಿದ ಕೊನೆಯ ಮಾತು ಅದು. ನಾನು ಎದ್ದು, ಕಾರಿಡಾರಿನಲ್ಲಿ ನರ್ಸಿನ ಹಿಂದೆ ಓಡಿದೆ.